ಎಂಟು ಗಂಟೆಯ ಎಣಿಕೆ

ಸುಷ್ಮಾ ಅವನ ಜೊತೆ ಮೊದಲು ಆಡಿದ್ದೇ ಜಗಳದ ಮಾತು.

ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅವಳು ದಾಖಲೆ ವಿಭಾಗ ನೋಡಿಕೊಳ್ಳುತ್ತಿದ್ದಳು. ಹಳೆಯ ಕಂಪ್ಯೂಟರುಗಳನ್ನು ತೆಗೆದು, ನೂರನಲವತ್ತು ಮೇಜುಗಳಲ್ಲೂ ಬರೀ ಪರದೆ ಇಟ್ಟು, ಎಲ್ಲವನ್ನೂ ನೆಲಮಾಳಿಗೆಯ ಒಂದೇ ಸರ್ವರ್‌ನಿಂದ ನಡೆಸಬೇಕೆಂದು ಆಡಳಿತದವರು ತೀರ್ಮಾನಿಸಿದ್ದರು. ಎಷ್ಟು ದೊಡ್ಡ ಸರ್ವರ್ ಬೇಕೆಂದು ಅಳೆಯಲು ಹರಿಹರದ ಕಂಪನಿಯೊಂದರಿಂದ ಬಂದವನು ಮಹಾಂತೇಶ್. ಮಧ್ಯಾಹ್ನ ಮೂರಕ್ಕೆ ವಾರ್ಡುಗಳನ್ನು ಸುತ್ತಿ, ಒಂದು ಹೊತ್ತಿಗೆ ಅರವತ್ತು ಮಂದಿ ಬಳಸುತ್ತಾರೆಂದು ಬರೆದುಕೊಂಡ.

"ಮೂರಕ್ಕೆ ನೋಡಿದ್ರೆ ಹೆಂಗ್ರಿ? ಬೆಳಿಗ್ಗೆ ಎಂಟಕ್ಕೆ ಬರ್ರಿ. ಡ್ಯೂಟಿ ಬದಲಾಗೋ ಹೊತ್ತು ಅದು," ಎಂದಳು.

ಅವನು ಬಂದ. ಇಬ್ಬರೂ ಒಂದೇ ಪರದೆಯ ಮುಂದೆ ಕೂತು ಎಣಿಸಿದರು. ಹತ್ತು ನಿಮಿಷದಲ್ಲಿ ನೂರಿಪ್ಪತ್ತೆಂಟು ಜನ ಲಾಗಿನ್ ಆದರು. ಎಣಿಕೆ ಆ ದಿನವೇ ಮುಗಿದರೂ ಅವನು ಎರಡು ವಾರ ಎಂಟಕ್ಕೇ ಬಂದ.

"ಇನ್ನೂ ಏನ್ ಅಳೀತೀರಿ?" ಪರದೆಯಿಂದ ಕಣ್ಣು ಕೀಳದೆ ಕೇಳಿದಳು.

"ಅಳತೆಗೇ ಸಿಗ್ತಿಲ್ರಿ."

ಅವನು ನೋಡುತ್ತಿದ್ದದ್ದು ಪರದೆಯನ್ನಲ್ಲ. ಅವಳ ಕಿವಿ ಬಿಸಿಯಾಯಿತು.

ಆಮೇಲಿನ ಭಾನುವಾರಗಳೆಲ್ಲ ಹರಿಹರದ ಹೊಳೆದಂಡೆಯಲ್ಲಿ ಕಳೆದವು. ನಮ್ಮ ತಾಯಿ ಬಸವಣ್ಣೆಮ್ಮನಿಗೆ ವಿಷಯ ಹೇಳಿದ್ದೇನೆ, ಕಾರ್ತಿಕ ಕಳೆಯಲಿ, ನಿಮ್ಮೂರು ಕೊಕ್ಕನೂರಿಗೆ ಬಂದು ನಿಮ್ಮಪ್ಪನನ್ನು ಕೇಳುತ್ತೇನೆ ಎಂದು ಅವನು ಮಾತು ಕೊಟ್ಟ.

ಒಂದು ಮಧ್ಯಾಹ್ನ ಅವನು ಸರ್ವರ್ ಅಳತೆಯ ವರದಿ ತಂದು ಸಹಿ ಕೇಳಿದ. ಅವಳು ನೇರ ಕೊನೆಯ ಪುಟಕ್ಕೆ ಹೋಗಿ ಸಹಿ ಹಾಕಿದಳು. ಅವನು ತಂದ ಕಾಗದವನ್ನು ಕೂತು ಓದಿದರೆ ಅವನನ್ನೇ ಅನುಮಾನಿಸಿದಂತೆ ಅನ್ನಿಸಿತ್ತು. ಅವನು ಕಾಫಿಗೂ ನಿಲ್ಲದೆ ಹೋದ.

ಹೊಸ ಸರ್ವರ್ ಶುರುವಾದ ಮೊದಲ ಸೋಮವಾರ, ಎಂಟು ಗಂಟೆಗೆ ಎಲ್ಲರೂ ಒಟ್ಟಿಗೆ ಲಾಗಿನ್ ಆಗಹೋದಾಗ ಪರದೆಗಳೆಲ್ಲ ನಿಂತುಬಿಟ್ಟವು. ನಲವತ್ತು ನಿಮಿಷ ಯಾವ ರೋಗಿಯ ವಿವರವೂ ತೆರೆಯಲಿಲ್ಲ. ದುರುಗವ್ವ ಎಂಬ ಮುದುಕಿಗೆ, ಆಕೆಯ ದೇಹಕ್ಕೆ ಆಗದೆಂದು ದಾಖಲೆಯಲ್ಲಿ ಬರೆದಿದ್ದ ಔಷಧಿಯನ್ನೇ ಚುಚ್ಚಿದರು. ಆರು ದಿನ ಐಸಿಯುನಲ್ಲಿದ್ದು ಆಕೆ ಬದುಕಿಕೊಂಡಳು.

ವಿಚಾರಣೆಯಲ್ಲಿ ವರದಿ ತೆರೆದರು. ಅತಿ ಹೆಚ್ಚೆಂದರೆ ಒಂದು ಹೊತ್ತಿಗೆ ಅರವತ್ತು ಮಂದಿ ಎಂದಿತ್ತು. ಎಂಟು ಗಂಟೆಯ ಎಣಿಕೆ ಎಲ್ಲೂ ಇರಲಿಲ್ಲ. ಕೆಳಗೆ ಸುಷ್ಮಾಳ ಸಹಿ. ಈ ಸಂಖ್ಯೆ ಯಾರು ಕೊಟ್ಟರೆಂದು ಮಹಾಂತೇಶನನ್ನು ಕೇಳಿದರು. ಅವನ ಕಂಪನಿಯ ಮಾಲೀಕ ಬಕ್ಕೇಶ್ ಪಕ್ಕದಲ್ಲೇ ಕೂತಿದ್ದ.

"ಡಿಪಾರ್ಟ್‌ಮೆಂಟ್‌ನೋರು ಕೊಟ್ಟಿದ್ದು ಸರ್," ಎಂದ ಮಹಾಂತೇಶ್, ಮೇಜು ನೋಡುತ್ತ.

ತಾವಿಬ್ಬರೂ ಕೂತು ಎಣಿಸಿದ್ದನ್ನು ಸುಷ್ಮಾ ಹೇಳಿದಳು. ಹಾಗಾದರೆ ಓದದೆ ಸಹಿ ಯಾಕೆ ಹಾಕಿದಿರಿ ಎಂದರು.  ಸಂಜೆಯೊಳಗೆ ಅವಳ ಕೆಲಸ ಹೋಯಿತು.

ಇಪ್ಪತ್ತು ದಿನ ಕಳೆದ ಮೇಲೆ ಮಹಾಂತೇಶ್ ತನ್ನ ಕೆಲಸ ಬಿಟ್ಟು ಆಸ್ಪತ್ರೆಗೆ ಎಲ್ಲವನ್ನೂ ಬರೆದುಕೊಟ್ಟ. ದೊಡ್ಡ ಸರ್ವರ್ ಬೇಕೆಂದರೆ ಬೆಲೆ ಏರಿ ಗುತ್ತಿಗೆ ಬೇರೆಯವರ ಪಾಲಾಗುತ್ತದೆಂದು ಬಕ್ಕೇಶ್ ಒತ್ತಾಯಿಸಿದ್ದ. ಎಂಟು ಗಂಟೆಯ ಎಣಿಕೆಯನ್ನು ವರದಿಯಿಂದ ಅಳಿಸಿದ್ದು ಮಾತ್ರ ಮಹಾಂತೇಶನೇ. ಆಸ್ಪತ್ರೆಯವರು ಸರ್ವರ್ ಹೆಚ್ಚಿಸಿ, ಸುಷ್ಮಾಳನ್ನು ಮತ್ತೆ ಕರೆಸಿಕೊಂಡರು.

ಅವಳು ಕೆಲಸಕ್ಕೆ ಹೊರಟ ಮೊದಲ ಬೆಳಿಗ್ಗೆ ಅವನು ಕೊಕ್ಕನೂರಿನ ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದ. ಸೊರಗಿದ್ದ. ಆ ದಿನ ಹೆದರಿಬಿಟ್ಟೆ ಎಂದ. ಈಗಲಾದರೂ ಮನೆಗೆ ಬರಲೇ ಎಂದು ಕೇಳಿದ.

ಸುಷ್ಮಾ ಅವನ ಮುಖ ನೋಡಿದಳು. ಪ್ರೀತಿ ಹೋಗಿರಲಿಲ್ಲ; ಹೋಗಿದ್ದರೆ ಸುಲಭವಾಗುತ್ತಿತ್ತು.

"ಬ್ಯಾಡ್ರಿ," ಎಂದಳು. "ನಿಮ್ಮ ಮ್ಯಾಲೆ ಮನಸಿಲ್ಲ ಅಂತಲ್ಲ. ಇನ್ಮ್ಯಾಲೆ ನೀವು ಏನಂದ್ರೂ ನಾನು ಎಲ್ಡೆಲ್ಡು ಸಲ ನೋಡ್ಬೇಕಾಗ್ತೈತೆ. ಹಂಗೆ ಸಂಸಾರ ಮಾಡಾದು ನನ್ ಕೈಲಿ ಆಗಲ್ಲ."

ಬಸ್ಸು ಬಂತು. ಅವನು ನಿಂತಿದ್ದ ಕಡೆ ಕಿಟಕಿ ಪಕ್ಕದ ಸೀಟು ಖಾಲಿಯಿತ್ತು. ಅವಳು ಆಚೆ ಬದಿಗೆ ಹೋಗಿ ಕೂತಳು. ಹರಿಹರ ದಾಟುವವರೆಗೂ ಹೇಗೋ ಅಳು ತಡೆದುಕೊಂಡಳು.