ಉಳಿದ ಬಿಲ್ಲೆ

ಕಳೆದ ಮೇ ತಿಂಗಳು, ಅಡ್ಯಾರಿನ ನಮ್ಮ ಹೋಟೆಲಿನಲ್ಲಿ ಹಾಡಹಗಲೇ ನಡೆದದ್ದು. ನಾವು ಬಿಟ್ಟುಬಂದ ಊರಿನ ಹಳೇ ಚಿನ್ನದ ಗಣಿಯನ್ನು ಮತ್ತೆ ತೆರೆಯಬೇಡಿ, ಕುಸಿತದಲ್ಲಿ ಸಿಕ್ಕ ನಮ್ಮವರು ಇನ್ನೂ ಒಳಗಿದ್ದಾರೆ ಎಂಬ ಅರ್ಜಿಗೆ ಸಹಿ ಹಾಕಲು ಅಲ್ಲಿ ಅಪ್ಪನ ಜೊತೆ ದುಡಿದವರೆಲ್ಲ ಸೇರಿದ್ದರು. ಗಣಿಗೆ ಇಳಿಯುವಾಗ ನಂಬರಿನ ಹಿತ್ತಾಳೆ ಬಿಲ್ಲೆ ಒಯ್ದು, ಮೇಲೆ ಬಂದಮೇಲೆ ಮೊಳೆಗೆ ತೂಗುಹಾಕುವುದು ಅವರ ಪದ್ಧತಿ. ಅಂದೂ ಸಹಿ ಹಾಕಿದವರು ಹಳೇ ಬಿಲ್ಲೆಗಳನ್ನು ಖುಷಿಯಿಂದ ನಮ್ಮ ಗೋಡೆಗೆ ತೂಗುಹಾಕಿದರು. ಹೊರಡುವಾಗ ಎಲ್ಲರೂ ತಂತಮ್ಮದು ತೆಗೆದುಕೊಂಡರೂ ಒಂದು ಉಳಿಯಿತು. ಆ ಸೆಖೆಯಲ್ಲೂ ಅದು ತಣ್ಣಗೆ ಕೊರೆಯುತ್ತಿತ್ತು, ನೀರು ತೊಟ್ಟಿಕ್ಕುತ್ತಿತ್ತು.

ಅಪ್ಪ ನಂಬರ್ ನೋಡಿ ನಕ್ಕರು. "ಮುನಿವೆಂಕಟಂದು ಕಣೋ. ಒಳಗೇ ಉಳಿದೋನು. ಅವನಿಗೂ ಒಂದು ಕಾಫಿ ಇಡು."

ಇಟ್ಟೆ. ಬಿಲ್ಲೆ ಇನ್ನೂ ಗೋಡೆಯಲ್ಲೇ ಇದೆ. ದಿನಾ ಬೆಳಿಗ್ಗೆ ಬಾಗಿಲು ತೆಗೆದು ನಾನು ಮೊದಲು ಮಾಡುವ ಕೆಲಸ, ಅದರ ಕೆಳಗಿನ ನೆಲ ಒರೆಸುವುದು.