ಒನ್ ಟೌನಿನ ತಿಳಿನೀಲಿ ಶರ್ಟು

ವೈಜಾಗಿನ ಹತ್ತಿರದ ದುವ್ವಾಡದ ಆ ಬ್ಯಾಂಕಿನಲ್ಲಿ ಕನ್ನಡ ಅರ್ಥವಾಗುವವರು ಯಾರೂ ಇರಲಾರರು ಎಂದುಕೊಂಡಿದ್ದೆ. ಟೋಕನ್ ಹಿಡಿದು ಕೂತು, ಹಾಸನದಲ್ಲಿದ್ದ ಅಕ್ಕನಿಗೆ ಫೋನಿನಲ್ಲಿ ಕೌಂಟರಿನ ಒಳಗೂ ಹೊರಗೂ ಓಡಾಡುತ್ತಿದ್ದ ಆಫೀಸರನ ವರ್ಣನೆ ಮಾಡುತ್ತಿದ್ದೆ.

"ನೇರಳೆ ಬಣ್ಣದ ಮಿಣಮಿಣ ಶರ್ಟು ಕಣೇ. ಕಲ್ಯಾಣ ಮಂಟಪದ ಪರದೆ ಕಿತ್ತು ಹೊಲಿಸಿದ ಹಾಗಿದೆ. ಕಪ್ಪು ಪ್ಯಾಂಟು, ಕಂದು ಬೆಲ್ಟು, ಕಾಲಿಗೆ ಸ್ಪೋರ್ಟ್ಸ್ ಶೂ. ಜೇಬಲ್ಲಿ ಎರಡು ಪೆನ್ನು, ಒಂದು ಫೋನು, ಒಂದು ಬಾಚಣಿಗೆ. ಇವನ ಜೊತೆ ರಸ್ತೇಲಿ ನಡೆಯೋಳ ಪಾಡು ಏನಿರಬಹುದು ನೋಡು."

ನನ್ನ ಸರದಿ ಬಂತು. ಆತ ನನ್ನ ಅರ್ಜಿ ತೆಗೆದುಕೊಂಡು, ಸೀಲು ಒತ್ತಿ, ತಲೆ ಎತ್ತದೆ ಹೇಳಿದ.

"ಬಾಚಣಿಕಿ ಅಲ್ರಿ ಅದು. ಸ್ಕೇಲ್ ಐತಿ."

ಕಿವಿಯವರೆಗೂ ಬಿಸಿಯೇರಿತು. ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ.

"ಸ್ಕೇಲನ್ನೂ ಜೇಬಲ್ಲಿ ಇಟ್ಕೋಬಾರದು ರೀ," ಎಂದೆ.

ಆಗ ತಲೆ ಎತ್ತಿದ. ಎಡಗೆನ್ನೆಯಲ್ಲಿ ಒಂದು ಗುಳಿ ಬಿತ್ತು. ಸ್ಕೇಲು ತೆಗೆದು ಡ್ರಾಯರಿಗೆ ಹಾಕಿ, "ಪೆನ್ನು ಇರ್ಲೇನ್ರಿ?" ಎಂದು ಕೇಳಿದ.

ಹೆಸರು ಭೀಮಸೇನ, ಊರು ಬಾಗಲಕೋಟೆ, ವರ್ಗವಾಗಿ ಇಲ್ಲಿಗೆ ಬಂದಿದ್ದ. ನಾನು ತನುಶ್ರೀ, ಅಲ್ಲೇ ಹತ್ತಿರದ ಫಾರ್ಮಾ ಕಂಪನಿಯ ಕ್ವಾಲಿಟಿ ವಿಭಾಗದವಳು. ಅಂಚು ಮುರಿದ ಮಾತ್ರೆ, ಓರೆಯಾಗಿ ಅಂಟಿದ ಲೇಬಲ್ಲು ಇವನ್ನೆಲ್ಲ ಹುಡುಕಿ ರಿಜೆಕ್ಟ್ ಮಾಡುವುದಕ್ಕೇ ನನಗೆ ಸಂಬಳ. ಆ ಕಣ್ಣು ಕಂಪನಿ ಗೇಟು ದಾಟಿದ ಮೇಲೂ ಮುಚ್ಚುವುದಿಲ್ಲ. ಅದರಲ್ಲೂ ಗಂಡಸರ ಬಟ್ಟೆಯ ವಿಷಯದಲ್ಲಿ ನನಗೆ ದಯೆ ದಾಕ್ಷಿಣ್ಯ ಏನೂ ಇಲ್ಲ. ಓದುತ್ತಾರೆ, ಕೆಲಸ ಹಿಡಿಯುತ್ತಾರೆ, ಆದರೆ ಕನ್ನಡಿಯ ಮುಂದೆ ನಿಂತಾಗ ಮಾತ್ರ ಬುದ್ಧಿಯನ್ನು ಮೊಳೆಗೆ ನೇತುಹಾಕಿಬಿಡುತ್ತಾರೆ.

ಇಬ್ಬರೂ ಪೆಂಡುರ್ತಿಯಲ್ಲಿ ಬಾಡಿಗೆಗಿದ್ದೆವು. ಒಂದೇ ಆಟೋದಲ್ಲಿ ಹೋಗಿಬರುವುದು ರೂಢಿಯಾಯಿತು. ದಾರಿಯುದ್ದಕ್ಕೂ ನಾನು ಬೈಯುತ್ತಿದ್ದೆ, ಅವನು ಕೇಳಿಸಿಕೊಳ್ಳುತ್ತಿದ್ದ. ಬೈಸಿಕೊಳ್ಳುವಾಗೆಲ್ಲ ಆ ಗುಳಿ ಬೀಳುತ್ತಿತ್ತು. ಅದೊಂದನ್ನು ರಿಜೆಕ್ಟ್ ಮಾಡಲು ನನಗೆ ಕಾರಣ ಸಿಗಲಿಲ್ಲ.

ಒಂದು ಸಂಜೆ ಆಟೋ ಇಳಿದ ಮೇಲೆ ಅವನು ಅಲ್ಲೇ ನಿಂತ.

"ವಿಜಯವಾಡದಾಗ ಒಂದು ಹೆಣ್ಣು ನೋಡಾಕ ಹೋಗ್ಬೇಕಾಗೇತ್ರಿ. ನಮ್ಮತ್ತಿ ಗೊತ್ತು ಮಾಡ್ಯಾಳ. ಬಟ್ಟಿ ನೀವ ಆರಿಸಿ ಕೊಡ್ರಿ. ತಂಗಿ ಕಾಲೇಜ್ ಫೀ ಕಟ್ಟೀನಿ, ಭಾಳ ರೊಕ್ಕ ಇಲ್ಲ."

ಎದೆಯಲ್ಲಿ ಏನೋ ಚುಚ್ಚಿತು. ಊಟ ತಡವಾಗಿದ್ದಕ್ಕೆ ಇರಬೇಕು ಎಂದುಕೊಂಡು, "ಆಯ್ತು, ಭಾನುವಾರ ನಿಮ್ಮ ಬಟ್ಟೆ ಎಲ್ಲಾ ಹೊರಗೆ ಹಾಕಿ," ಎಂದೆ.

ಭಾನುವಾರ ಅವನ ಮಂಚದ ಮೇಲೆ ಆ ಶರ್ಟುಗಳ ರಾಶಿ. ಒಂದರ ಬೆನ್ನ ಮೇಲೆ ಹದ್ದು, ಇನ್ನೊಂದರ ಎದೆಯ ಮೇಲೆ ಯಾವುದೋ ಕಂಪನಿಯ ಹೆಸರು. ಕಂಪನಿಯವರು ಜಾಹೀರಾತಿಗೆ ಇವನಿಗೆ ದುಡ್ಡು ಕೊಡಬೇಕು. ಇವನೇ ಕೊಟ್ಟು ಬಂದಿದ್ದಾನೆ. ಮೊಬೈಲಿನಲ್ಲಿ ಯಾವನೋ ಸಲಹೆಗಾರನ ರೀಲ್ ಓಡುತ್ತಿತ್ತು. ಪ್ರತಿ ಗಂಡಸಿನ ಹತ್ತಿರ ಇರಲೇಬೇಕಾದ ವಾಚುಗಳಂತೆ, ಗಡ್ಡಕ್ಕೊಂದು ಎಣ್ಣೆಯಂತೆ. ಬಡವನಾಗಿ ಕಾಣಬಾರದು ಎಂದರೆ ಮೊದಲು ಬಡವನಾಗಬೇಕು ಎನ್ನುವ ಉಪದೇಶ.

"ಆ ದಂಡಪಿಂಡನ್ನ ಆಫ್ ಮಾಡಿ. ಭುಜದ ಹೊಲಿಗೆ ಭುಜದ ತುದೀಲಿ ಕೂತ್ರೆ ಅಗ್ಗದ ಶರ್ಟೂ ಮರ್ಯಾದೆ ಉಳಿಸುತ್ತೆ. ಸೊಂಟ ದೊಗಲೆ ಆದ್ರೆ ಟೈಲರ್ ಹಿಡೀತಾನೆ. ಭುಜ ತಪ್ಪಿದ್ರೆ ಯಾರೂ ಏನೂ ಮಾಡಕ್ಕಾಗಲ್ಲ."

"ಬಣ್ಣರಿ?"

"ಬಿಳಿ, ತಿಳಿನೀಲಿ, ಬೂದು. ಯಾವ ಪ್ಯಾಂಟಿಗೂ ಆಗುತ್ತೆ, ನಾಲ್ಕು ಬಟ್ಟೇಲಿ ತಿಂಗಳು ಕಳೀಬಹುದು. ಬೇರೆ ಬಣ್ಣ ಆರಿಸೋ ಹಕ್ಕು ನಿಮಗಿನ್ನೂ ಬಂದಿಲ್ಲ."

"ಯಾವಾಗ ಬರ್ತೈತ್ರಿ?"

"ಇಸ್ತ್ರಿ ಹಾಕೋದು ಕಲಿತ ಮೇಲೆ."

ಜನ ಮೊದಲು ನೋಡುವುದು ಕಾಲನ್ನೇ ಎಂದು ಸಾರಿ, ವೈಜಾಗಿಗೆ ಕರೆದುಕೊಂಡು ಹೋಗಿ ಒಳ್ಳೆಯ ಕಂದು ಬಣ್ಣದ ಚರ್ಮದ ಶೂ ಕೊಡಿಸಿದೆ. ಅವನು ತಂದ ದುಡ್ಡಿನ ಮುಕ್ಕಾಲು ಪಾಲು ಅಲ್ಲೇ ಮುಗಿಯಿತು. ಶರ್ಟು ವಿಜಯವಾಡದ ಹಳೇ ಪೇಟೆ ಒನ್ ಟೌನಿನ ಸಗಟು ಅಂಗಡಿಗಳಲ್ಲಿ ಸಸ್ತಾ ಸಿಗುತ್ತದೆ, ಅದೇ ದಿನ ತೆಗೆದುಕೊಂಡರಾಯಿತು ಎಂದೆ. ಒಬ್ಬನನ್ನೇ ಬಿಟ್ಟರೆ ಮತ್ತೆ ಪರದೆ ಕೊಂಡು ಬರುತ್ತಾನೆಂದು ನಾನೂ ರಜೆ ಹಾಕಿದೆ.

ದುವ್ವಾಡದಲ್ಲಿ ಬೆಳಗಿನ ಟ್ರೈನು ಹತ್ತಿ ಮಧ್ಯಾಹ್ನದ ಹೊತ್ತಿಗೆ ವಿಜಯವಾಡ ಸೇರಿದೆವು. ಒನ್ ಟೌನಿನ ಅಂಗಡಿಯವನು ಸೆಟ್ ಲೆಕ್ಕದಲ್ಲಿ ಮಾತ್ರ ಕೊಡುವುದು, ಬಿಡಿಯಾಗಿ ಇಲ್ಲ ಎಂದು ಕೈ ಅಲ್ಲಾಡಿಸಿದ. ನಾನು ಸೆಟ್ಟು ಬಿಚ್ಚಿಸಿ ಒಂದೊಂದನ್ನೇ ತಿರುವಿ ನೋಡಿದೆ. ಒಂದು ತಿಳಿನೀಲಿ ಹತ್ತಿ ಶರ್ಟಿಗೆ ತೋಳಿನ ಗುಂಡಿ ಇರಲಿಲ್ಲ.

"ಇದನ್ನ ಸೆಟ್ಟಲ್ಲಿ ಯಾರು ತಗೋತಾರಂಡಿ? ವಾಪಸ್ ಬರುತ್ತೆ. ನಮಗೆ ಕೊಟ್ಟುಬಿಡಿ," ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಜಗಳಕ್ಕೆ ನಿಂತೆ. ನನ್ನ ಮುಖ ನೋಡಿಯೇ ಸಾಕಾಗಿ ಕೊಟ್ಟುಬಿಟ್ಟ.

ಭೀಮಸೇನ ತೊಟ್ಟು ಬಂದ. ಹೊಲಿಗೆ ಸರಿಯಾಗಿ ಕೂತಿದೆಯೇ ಎಂದು ಭುಜದ ತುದಿಗೆ ಬೆರಳಿಟ್ಟೆ. ಕೂತಿತ್ತು. ಬೆರಳು ತೆಗೆಯಬೇಕಿತ್ತು, ತೆಗೆಯಲಾಗಲಿಲ್ಲ. ಅವನು ಉಸಿರು ಹಿಡಿದು ನಿಂತಿದ್ದ, ನನ್ನ ಹಣೆಯನ್ನೇ ನೋಡುತ್ತ. ಇವತ್ತು ಸಂಜೆ ಇನ್ನೊಬ್ಬಳು ಈ ಭುಜ ನೋಡುತ್ತಾಳೆ, ಒಪ್ಪುತ್ತಾಳೆ, ಅಲ್ಲಿಗೆ ನನ್ನ ಆಟೋ ಖಾಲಿಯಾಗುತ್ತದೆ ಎಂದು ಆಗ ಅರ್ಥವಾಯಿತು. ಇವನನ್ನು ಕಳೆದುಕೊಳ್ಳಲು ನಾನೇ ಇವನಿಗೆ ಅಲಂಕಾರ ಮಾಡುತ್ತಿದ್ದೆ.

"ಇದು ಹೆಂಗೈತ್ರಿ?" ಅವನು ಪಕ್ಕದ ರಾಶಿಯಿಂದ ಗಿಳಿಹಸಿರು ಶರ್ಟೊಂದನ್ನು ಎತ್ತಿ ಹಿಡಿದ. ಅದರ ತುಂಬ ಬಂಗಾರದ ಬಣ್ಣದ ಹಡಗಿನ ಲಂಗರುಗಳು.

ಹೂಂ ಎಂದಿದ್ದರೆ ಸಾಕಿತ್ತು. ಅದನ್ನು ತೊಟ್ಟು ಹೋದವನನ್ನು ಯಾವ ಹುಡುಗಿಯೂ ಒಪ್ಪುತ್ತಿರಲಿಲ್ಲ. ನಾಲಿಗೆಯ ತುದಿಯವರೆಗೂ ಬಂತು. ಆದರೆ ಕೆಟ್ಟ ಮಾಲನ್ನು ತಿಳಿದೂ ತಿಳಿದೂ ಪಾಸ್ ಮಾಡುವುದು ನನ್ನಿಂದಾಗದು.

"ಕೆಳಗಿಡಿ. ನೀಲೀಲೇ ಹೋಗಿ," ಎಂದೆ. ಪಕ್ಕದ ಟೈಲರ್ ಗುಂಡಿ ಹಚ್ಚಿ ಸೊಂಟ ಹಿಡಿದುಕೊಟ್ಟ. ಇಸ್ತ್ರಿಯೂ ಆಯಿತು. ಬಾಗಲಕೋಟೆಯ ಹುಡುಗ ಕಣ್ಣು ಕುಕ್ಕುವಷ್ಟು ಚೆನ್ನಾಗಿ ಕಂಡ, ನನಗೆ ಅಳು ಬಂತು.

ಹುಡುಗಿಯ ಮನೆ ಎರಡು ಗಲ್ಲಿ ಆಚೆ. ಬಹಳ ಹಿಂದೆಯೇ ಇಲ್ಲಿಗೆ ಬಂದು ನೆಲೆಸಿದ ಕನ್ನಡದವರು. ಅವನ ಅತ್ತೆ ಚೆನ್ನಮ್ಮ ಹಿಂದಿನ ದಿನವೇ ಊರಿನಿಂದ ಬಂದು ಅಲ್ಲಿ ಇಳಿದುಕೊಂಡಿದ್ದರು. ನಾನು ಎದುರಿನ ಟಿಫನ್ ಅಂಗಡಿಯಲ್ಲಿ ಪುಟ್ಟ ಬೋಂಡದಂಥ ಪುಣುಗುಲು ತರಿಸಿಕೊಂಡು, ಹಾದುಹೋಗುವ ಗಂಡಸರ ಪ್ಯಾಂಟುಗಳನ್ನು ಒಂದೊಂದಾಗಿ ಬೈಯುತ್ತ ಕೂತೆ. ಅದರಿಂದಲೂ ಸಮಾಧಾನವಾಗಲಿಲ್ಲ.

ಅವನು ನಾನೆಣಿಸಿದ್ದಕ್ಕಿಂತ ಬೇಗ ಹೊರಗೆ ಬಂದ. ನೇರ ಬಂದು ಎದುರಿಗೆ ಕೂತ.

"ಏನಾಯ್ತು?"

"ಶೂ ಬಾಗಲದಾಗ ಬಿಡಿಸಿದ್ರು."

ನಮ್ಮವರಲ್ಲಿ ಯಾರ ಮನೆಯೊಳಗೆ ಶೂ ಹಾಕಿಕೊಂಡು ಹೋಗುತ್ತಾರೆ? ಲೋಕಕ್ಕೆಲ್ಲ ಬುದ್ಧಿ ಹೇಳುವ ನನಗೆ ಇಷ್ಟು ಹೊಳೆದಿರಲಿಲ್ಲ. ಮುಕ್ಕಾಲು ದುಡ್ಡು ಹೊಸ್ತಿಲ ಹೊರಗೆ ಕೂತಿತ್ತು.

"ಸಾಕ್ಸು?" ಸಣ್ಣ ದನಿಯಲ್ಲಿ ಕೇಳಿದೆ.

"ಹೆಬ್ಬಟ್ಟು ಹೊರಗ ಬಂದಿತ್ರಿ."

"ನಕ್ಕರಾ?"

"ಯಾರೂ ನಗಲಿಲ್ಲ. ಆ ಹುಡುಗಿ ಉಷಶ್ರೀ ಭಾಳ ಒಳ್ಳೆಕಿ. ಶರ್ಟ್ ಚಂದೈತಿ ಅಂದ್ಲು. ನೌಕರಿ ಚಂದೈತಿ ಅಂದ್ಲು. ಎಲ್ಲಾ ಚಂದೈತಿ ಅಂದ್ಲು. ಒಂದ ಒಂದು ತಪ್ಪು ಹಿಡೀಲಿಲ್ಲ ನೋಡ್ರಿ. ಜೀವನಪೂರ್ತಿ ಹಿಂಗ ಇರೋದೇನು ಅನಿಸಿ ಎದಿ ಝಲ್ ಅಂತು."

"ಆಮೇಲೆ?"

"ನನ್ನ ಮನಸ್ಸು ಬ್ಯಾರೆ ಕಡೆ ಐತಿ ಅಂತ ಆಕಿಗೇ ಹೇಳಿದೆ. 'ಮತ್ತೆ ಇಲ್ಲಿಗೆ ಯಾಕೆ ಬಂದ್ರಂಡಿ?' ಅಂತ ಕೇಳಿದ್ಲು."

ಸರಿಯಾದ ಪ್ರಶ್ನೆ. ಕಂಡಿರದ ಆ ಹುಡುಗಿಯ ಮೇಲೆ ನನಗೆ ಗೌರವ ಬಂತು.

"ಅದನ್ನೇ ನಾನೂ ಕೇಳ್ತಿದೀನಿ. ಯಾಕೆ ಬಂದ್ರಿ?"

ಅವನು ಮೇಜಿನ ಮೇಲಿದ್ದ ಚಟ್ನಿ ಬಟ್ಟಲನ್ನು ಸುತ್ತ ತಿರುಗಿಸಿದ. "ಬಟ್ಟಿ ಆರಿಸೋ ನೆವದಾಗ ನಿಮ್ಮ ಜೋಡಿ ತಿರಗಾಡೋದಾಗ್ತೈತಿ ಅಂತ ಅತ್ತಿಗೆ ಹೂಂ ಅಂದೆ. ಹೋಗ್ಬ್ಯಾಡ ಅಂತ ನೀವು ಒಂದು ಮಾತು ಅಂತೀರಿ ಅಂದ್ಕೊಂಡಿದ್ದೆ. ನೀವು ಗುಂಡಿ ಹಚ್ಚಿಸಿ ಕಳಿಸಿದ್ರಿ."

"ಹೇಡಿ. ಆ ಹುಡುಗಿ ಪಾಪ ಸೀರೆ ಉಟ್ಟು ಕೂತಿದ್ಲು."

"ಹೌದ್ರಿ. ತಪ್ಪಾತು. ಆಕಿಗೂ ಹಂಗ ಅಂದೆ, ಅತ್ತಿಗೂ ಎಲ್ಲಾ ಹೇಳಿ ಬಂದೆ."

ಇಷ್ಟು ಬೈದ ಮೇಲೆ ನನ್ನ ಹತ್ತಿರ ತಾತ್ಸಾರ ಖಾಲಿಯಾಯಿತು. ಉಳಿದದ್ದನ್ನು ಹೇಳಲೇಬೇಕಾಯಿತು.

"ಆ ಗಿಳಿಹಸಿರು ಶರ್ಟು ಹಾಕಿಸಿ ಕಳಿಸೋಣ ಅಂದ್ಕೊಂಡಿದ್ದೆ ನಾನು. ಅವಳು ನಿಮ್ಮನ್ನ ಬೇಡ ಅನ್ನಲಿ ಅಂತ. ನೀವು ನನಗೆ ಬೇಕು, ಭೀಮಸೇನ. ಆ ನೇರಳೆ ಪರದೆ ಸಮೇತ ಬೇಕು."

ಅವನ ಕೆನ್ನೆಯಲ್ಲಿ ಗುಳಿ ಮೆಲ್ಲಗೆ ಬಿತ್ತು. "ಅದನ್ನ ಬೈಕೋತ ಹೇಳ್ರಿ. ಅಂದ್ರ ನಂಬ್ತೀನಿ."

ಬೈಯಲು ಬಾಯಿ ತೆರೆಯುವಷ್ಟರಲ್ಲಿ ಎದುರಿನ ಗಲ್ಲಿಯಿಂದ ಇಳಕಲ್ ಸೀರೆಯ ಹೆಂಗಸೊಬ್ಬರು ಬಿರಬಿರನೆ ಬಂದರು. ಭೀಮಸೇನ ಎದ್ದು ನಿಂತ, ನಾನೂ ಎದ್ದೆ. ಅವರು ಅವನನ್ನು ನೋಡಲೇ ಇಲ್ಲ.

"ಈಕೀನೇನು?"

"ಹೂಂ, ಅತ್ತಿ."

ಚೆನ್ನಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಬೆಳಗಿನಿಂದ ನಾನು ಅವನ ಕಾಲರು ನೋಡಿದ್ದೇ ಬಂತು, ಕನ್ನಡಿ ನೋಡಿಕೊಂಡಿರಲಿಲ್ಲ. ಟ್ರೈನಿನಲ್ಲಿ ಮುದ್ದೆಯಾದ ಕುರ್ತಾ, ಅದರ ಮೇಲೆ ಚಟ್ನಿ, ಕಾಲಲ್ಲಿ ಮನೆಯೊಳಗಿನ ಚಪ್ಪಲಿ.

"ಇವನ ಅಂಗಿ ಆರಿಸಿದಾಕಿ ನೀನ?"

"ಹೌದು."

"ಛಲೋ ಐತಿ. ನಿನ್ನ ದುಪಟ್ಟಾ ಯಾರು ಆರಿಸ್ಯಾರ, ಕುರುಡರು?"

ನಾನು ಆ ದುಪಟ್ಟಾದಿಂದಲೇ ಚಟ್ನಿಯ ಕಲೆ ಮುಚ್ಚಿಕೊಂಡೆ.

"ಆ ಮನ್ಯಾಗ ನನ್ನ ಮಾನ ಹೋತು," ಎಂದರು ಚೆನ್ನಮ್ಮ. "ಹೆಣ್ಣು ನೋಡಾಕಂತ ಇಷ್ಟು ದೂರ ಬಂದೆ. ಊರಿಗೆ ಹೋಗಿ ಏನಂತ ಹೇಳ್ಲಿ?"

"ಹೆಣ್ಣು ನೋಡಿ ಬಂದೆ ಅಂತಲೇ ಹೇಳಿ, ಅತ್ತೆ," ಎಂದೆ. ಚಪ್ಪಲಿಯನ್ನು ಮೇಜಿನ ಅಡಿಗೆ ತಳ್ಳಿ ಕೂರಲು ಹೋದೆ.

"ನಿಲ್ಲು," ಎಂದರು ಅವರು, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತ. "ಇನ್ನಾ ನೋಡಿ ಮುಗಿದಿಲ್ಲ."

ನಾನು ನಿಂತೆ.