ನಾಲ್ಕು ಗಂಟೆಯ ಮಿಸ್ ಬಿಸ್ಕೋಚೋ

"ಮಿಸ್ ಬಿಸ್ಕೋಚೋ ಬಂದ್ರಾ?"

ಕ್ಯಾಪ್ಟನ್ ಬೆರ್ತಿಂಗ್ ಗೇಟಿಗೆ ಅಡ್ಡ ನಿಂತು ಕೂಗಿದರು. ಅವರು ಕೇರಿಯ ಮುಖ್ಯಸ್ಥರು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಬೀಗದ ಕೈ.

ಬಾಸ್ಕೆಟ್‌ಬಾಲ್ ಅಂಗಳ ಖಾಲಿ ಬಿದ್ದಿತ್ತು. ಗೇಟಿನ ಹೊರಗೆ ಚೆಂಡು ಹಿಡಿದ ಹುಡುಗರು, ಜುಂಬಾ ಕುಣಿಯಲು ಬಂದ ಹೆಂಗಸರು, ಹಗ್ಗದಾಟದ ಹುಡುಗಿಯರು, ಎಲ್ಲರೂ ಬಿಸಿಲಲ್ಲಿ ಬೇಯುತ್ತಿದ್ದರು.

"ಅವ್ರು ಬರದಿದ್ರೆ ನಮ್ಮನ್ನಾದ್ರೂ ಬಿಡಿ ಕ್ಯಾಪ್ಟನ್," ಎಂದರು ಚೋಲೆಂಗ್ ಆಂಟಿ. "ಸೋಮವಾರದಿಂದ ಕುಣಿದಿಲ್ಲ. ನನ್ನ ಸೊಂಟ ತುಕ್ಕು ಹಿಡೀತಾ ಇದೆ."

"ಆಗಲ್ಲ. ಫೋನಲ್ಲಿ ಏನಿದೆಯೋ ಅದೇ ಕಾಯ್ದೆ. ಮಿಸ್ ಬಿಸ್ಕೋಚೋ, ಪ್ರತಿದಿನ, ನಾಲ್ಕರಿಂದ ಆರು."

"ಬಿಸ್ಕೋಚೋ ಅಂದ್ರೆ ಕಾಫಿಗೆ ಅದ್ದೋ ರಸ್ಕು ಕಣ್ರೀ! ಆ ಹೆಸರು ಯಾರಾದ್ರೂ ಇಟ್ಕೋತಾರಾ?"

"ಯಾಕೆ ಇಟ್ಕೋಬಾರ್ದು? ನಿಮ್ಮ ಮೊಮ್ಮಗಳ ಹೆಸರು ಚೀಸ್ ಅಲ್ವಾ?"

ಆಂಟಿ ಟವಲಿನಿಂದ ಕತ್ತು ಒರೆಸಿಕೊಂಡರು.

ಗುಂಪಿನ ಹಿಂದೆ ನಿಂತಿದ್ದ ನೆನಿಂಗ್ ಹಗ್ಗವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಇಡೀ ಕೇರಿಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಮಿಸ್ ಬಿಸ್ಕೋಚೋ ಅಂದರೆ ಅವಳ ಮನೆಯ ಬಿಳಿ ಕೋಳಿ.

ಆದದ್ದು ಹೀಗೆ. ನೆನಿಂಗಳ ಅಕ್ಕ ರೊಸೆಲ್ ಪಟ್ಟಣದ ಯೂನಿವರ್ಸಿಟಿಯಲ್ಲಿ ಸಾಫ್ಟ್‌ವೇರ್ ಕಲಿಯುತ್ತಿದ್ದಳು. ನಾಲ್ಕು ಜನರ ಟೀಮು ಸೇರಿ ನಿಜವಾದ ಜನರಿಗೆ ನಿಜವಾಗಿ ಬೇಕಾದ ಒಂದು ಆ್ಯಪ್ ಮಾಡಬೇಕಿತ್ತು. ಕೇರಿಯವರಿಗೆ ಬೇಕಾಗಿದ್ದು ಶಾಂತಿ. ಅಂಗಳ ತನಗೆ ತನಗೆ ಎಂದು ದಿನಾ ಜಗಳ. ಹೋದ ತಿಂಗಳು ಚೆಂಡು ಹೋಗಿ ಜುಂಬಾದ ಸ್ಪೀಕರಿಗೆ ಬಡಿದು, ಪಾದ್ರಿಗಳೇ ಬಂದು ಬಿಡಿಸಬೇಕಾಯಿತು. ಅವರ ಮುಂದೆ ಕ್ಯಾಪ್ಟನ್ ಎದೆ ಮುಟ್ಟಿ ಹೇಳಿದ್ದರು: "ಇನ್ಮೇಲೆ ಆ್ಯಪ್ ಹೇಳಿದ್ದೇ ಸರಿ. ನನ್ನ ಹೆಂಡತಿ ಹೇಳಿದ್ರೂ ಕೇಳಲ್ಲ."

ಆ್ಯಪ್ ತಯಾರಾದಾಗ ಟೀಮಿನ ಜೋಮಾರ್ ಅಣ್ಣ ಫೋನನ್ನು ನೆನಿಂಗಳ ಕೈಗೆ ಕೊಟ್ಟಿದ್ದ. "ಏನ್ ಬೇಕಾದ್ರೂ ಒತ್ತು ಪುಟ್ಟಿ. ಕೆಡಿಸಿ ತೋರಿಸಿದ್ರೆ ಐಸ್‌ಕ್ರೀಮ್."

ನೆನಿಂಗ್ ಕೋಳಿಯ ಹೆಸರಲ್ಲಿ ಅಂಗಳ ಬುಕ್ ಮಾಡಿದಳು. 'ಪ್ರತಿದಿನ' ಎಂಬಲ್ಲಿ ಒತ್ತಿದಳು. ಆ್ಯಪ್ ಕೆಡಲಿಲ್ಲ. 'ಧನ್ಯವಾದ, ಮಿಸ್ ಬಿಸ್ಕೋಚೋ' ಎಂದಿತು. ಐಸ್‌ಕ್ರೀಮ್ ಸಿಗಲಿಲ್ಲ. ಸೋಮವಾರ ಆ್ಯಪ್ ಇಡೀ ಕೇರಿಯ ಫೋನಿಗೆ ಬಂತು. ಜೊತೆಯಲ್ಲಿ ಕೋಳಿಯೂ ಬಂತು.

ಹೇಳಿಬಿಡಬಹುದಿತ್ತು. ಆದರೆ ಶನಿವಾರ ನಾಲ್ಕು ಗಂಟೆಗೆ ಅಕ್ಕನ ಮೇಷ್ಟ್ರು ಬರುವವರಿದ್ದರು. ಜನ ಅಂಗಳದಲ್ಲಿ ಆಡುವುದನ್ನು ಅವರು ಕಣ್ಣಾರೆ ಕಂಡರೆ ಪಾಸು. ಅಂಗಳ ಖಾಲಿ ಇದ್ದರೆ ಅಕ್ಕ ಇನ್ನೊಂದು ವರ್ಷ ಅದೇ ಪಾಠ ಓದಬೇಕು. ಎಲ್ಲ ನನ್ನಿಂದಲೇ ಎಂದು ಯಾವ ಮುಖದಲ್ಲಿ ಹೇಳುವುದು?

ಇನ್ನೂ ಒಂದು ಕಾರಣವಿತ್ತು. ಮನೆಯಲ್ಲಿ ಕೋಳಿಗೆ ಹೆಸರಿಡುವಂತಿರಲಿಲ್ಲ. "ಹೆಸರಿಟ್ಟ ಕೋಳಿ ಗಂಟಲಲ್ಲಿ ಇಳಿಯಲ್ಲ," ಎಂದು ಅಮ್ಮ ಹೇಳುತ್ತಿದ್ದಳು. ನೆನಿಂಗ್ ಅದಕ್ಕೇ ಗುಟ್ಟಾಗಿ ಹೆಸರಿಟ್ಟಿದ್ದು. ಈಗ ಅಮ್ಮ ಮೇಷ್ಟ್ರಿಗೆ ಶುಂಠಿ ಹಾಕಿ ಸಾರು ಮಾಡಲು ಆ ಬಿಳಿ ಕೋಳಿಯನ್ನೇ ನೋಡುತ್ತಿದ್ದಳು.

ಶುಕ್ರವಾರ ಟೀಮು ಮನೆಗೆ ಬಂತು. ನಾಲ್ವರೂ ಹಿತ್ತಲಲ್ಲಿ ದುಂಡಗೆ ನಿಂತರು. ನಿಂತರೆ ಮಾತು ಬೇಗ ಮುಗಿಯುತ್ತದೆ ಎಂದು ಕಾಲೇಜಿನಲ್ಲಿ ಕಲಿಸಿದ್ದರಂತೆ. ಇವರು ನಿಂತೇ ಒಂದು ಗಂಟೆ ಮಾತಾಡುತ್ತಿದ್ದರು. ಪ್ರತಿಯೊಬ್ಬರೂ ಮೂರು ಸಂಗತಿ ಹೇಳಬೇಕು: ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುವೆ, ಏನು ಅಡ್ಡ ಬಂದಿದೆ.

"ನಿನ್ನೆ ಮಿಸ್ ಬಿಸ್ಕೋಚೋಗೆ ಆರು ಮೆಸೇಜ್ ಹಾಕ್ದೆ," ಎಂದ ಜೋಮಾರ್. "ಇವತ್ತೂ ಹಾಕ್ತೀನಿ. ಅಡ್ಡ ಏನಂದ್ರೆ, ಆಕೆಗೆ ಜಂಬ."

"ದೊಡ್ಡ ಮನೆತನದೋರೇ ಇರ್ಬೇಕು," ಎಂದಳು ಫೇ. "ಕಾಣಿಸ್ಕೊಳ್ಳಲ್ಲ, ಬಿಟ್ಟೂ ಕೊಡಲ್ಲ."

ನೆನಿಂಗ್ ಸುಮ್ಮನೆ ಬಂದು ಅವರ ನಡುವೆ ನಿಂತಳು. ನಾಲ್ವರೂ ಹೇಳಿ ಮುಗಿಸಿದರು. ಎಲ್ಲರ ಕಣ್ಣು ಅವಳ ಮೇಲೆ.

"ನಿನ್ನೆ ನಾನು ಏನೂ ಮಾಡ್ಲಿಲ್ಲ," ಎಂದಳು. "ಇವತ್ತೂ ಏನೂ ಮಾಡಿಲ್ಲ. ಅಡ್ಡ ಬಂದಿರೋದು... ಕೋಳಿ. ಅದೇ ಮಿಸ್ ಬಿಸ್ಕೋಚೋ."

ಅವಳು ಬೆರಳು ತೋರಿಸಿದಳು. ಮಿಸ್ ಬಿಸ್ಕೋಚೋ ಬೂದಿಯಲ್ಲಿ ಹೊರಳಾಡುತ್ತಿದ್ದರು.

ನೆನಿಂಗ್ ಕಣ್ಣು ಬಿಗಿಯಾಗಿ ಮುಚ್ಚಿ ಬೈಗುಳಕ್ಕೆ ಕಾದಳು.

"ಅಯ್ಯೋ," ಎಂದ ಜೋಮಾರ್. "ಪರೀಕ್ಷೆಗೆ ಹಾಕಿದ್ದನ್ನ ಅಳಿಸೋ ಕೆಲ್ಸ ನಂದು. ಮರೆತೇಬಿಟ್ಟೆ."

"ಪ್ರತಿದಿನ ಅಂದ್ಮೇಲೆ ಎಲ್ಲಿವರೆಗೆ ಅಂತ ಕೇಳ್ಬೇಕಿತ್ತು," ಎಂದಳು ಫೇ. "ನಾನು ಕೇಳ್ಲೇ ಇಲ್ಲ. ಪ್ರಳಯ ಆಗೋವರೆಗೂ ಅಂಗಳ ಕೋಳೀದೇ."

"ನಾನು ಆ ಹೆಸರು ನೋಡಿದ್ದೆ ಕಣ್ರೋ," ಎಂದ ದಿಂದೋ. "ಪಾಪ, ಯಾರೋ ವಯಸ್ಸಾದ ಟೀಚರ್ ಅನ್ಕೊಂಡೆ."

ರೊಸೆಲ್ ಜೋರಾಗಿ ನಗಲು ಶುರುಮಾಡಿದಳು. ಆಮೇಲೆ ಒಂದು ಹಾಳೆ ತೆಗೆದು ಬರೆದಳು. ನೆನಿಂಗ್ ಇಣುಕಿದಳು. 'ಕೋಳಿ ಒಳಗೆ ಬಂತು. ಯಾವ ಯಾವ ಬಾಗಿಲು ತೆರೆದಿತ್ತು?' ಕೆಳಗೆ ಮೂರು ಸಾಲು. ಅವಳು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಹುಡುಕಿದಳು. ತನ್ನ ಹೆಸರು ಎಲ್ಲೂ ಇರಲಿಲ್ಲ. ಯಾರ ಹೆಸರೂ ಇರಲಿಲ್ಲ.

ಶನಿವಾರ ನಾಲ್ಕಕ್ಕೆ ಐದು ನಿಮಿಷ. ಆ್ಯಪಿನ ಆ ಬಾಗಿಲುಗಳನ್ನೆಲ್ಲ ಮುಚ್ಚಿಯಾಗಿತ್ತು. ಆದರೆ ಕೋಳಿಯ ಬುಕಿಂಗ್ ಅಳಿಸಲು ಕ್ಯಾಪ್ಟನ್ ಒಪ್ಪಲಿಲ್ಲ. "ಬುಕ್ ಮಾಡಿದವ್ರೇ ಬಂದು ಬಿಟ್ಟುಕೊಡ್ಬೇಕು. ಕಾಯ್ದೆ ಅಂದ್ರೆ ಕಾಯ್ದೆ."

ನೆನಿಂಗ್ ಕೋಳಿಯನ್ನು ಎತ್ತಿಕೊಂಡು ಬಂದಳು. ಇಡೀ ಕೇರಿ ದಾರಿ ಬಿಟ್ಟಿತು.

ಕ್ಯಾಪ್ಟನ್ ಟೋಪಿ ತೆಗೆದರು. "ಮಿಸ್ ಬಿಸ್ಕೋಚೋ, ನಿಮ್ಮ ವೇಳೇನ ಬಿಟ್ಟುಕೊಡ್ತೀರಾ?"

"ಕೊಕ್," ಎಂದರು ಮಿಸ್ ಬಿಸ್ಕೋಚೋ.

"ಒಪ್ಪಿದ್ದಾರೆ!" ಕ್ಯಾಪ್ಟನ್ ಫೋನು ಒತ್ತಿದರು. ಗೇಟು ತೆರೆಯಿತು. ಚೋಲೆಂಗ್ ಆಂಟಿ ಎಲ್ಲರಿಗಿಂತ ಮೊದಲು ಒಳಗೆ ಓಡಿದರು. ಆಗತಾನೇ ಬಂದಿದ್ದ ಮೇಷ್ಟ್ರು ತಮ್ಮ ಪುಸ್ತಕದಲ್ಲಿ ಏನನ್ನೋ ಬಹಳ ಹೊತ್ತು ಬರೆದರು.

"ಆ್ಯಪಿನ ಈ ತಪ್ಪನ್ನ ಕಂಡುಹಿಡಿದದ್ದು ಯಾರು?" ಎಂದು ಕೇಳಿದರು.

"ನಮ್ಮ ಟೀಮಿನ ಐದನೆಯವಳು," ಎಂದಳು ರೊಸೆಲ್.

ಮನೆಯಲ್ಲಿ ಅಮ್ಮ ಒಲೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಹೆಸರಿಟ್ಟಿದ್ದೀಯ ಅಂತಾಯ್ತು."

"ಹೂಂ ಅಮ್ಮ."

"ಅದೂ ಮಿಸ್ ಅಂತ ಬೇರೆ." ಅಮ್ಮ ನಿಟ್ಟುಸಿರಿಟ್ಟು ಸಾರಿನ ಪಾತ್ರೆಯನ್ನು ಅಟ್ಟಕ್ಕೆ ಹಾಕಿ ನೂಡಲ್ಸಿಗೆ ನೀರಿಟ್ಟಳು. ಟೀಮು ಪಾಸು ಎಂದು ಹೇಳಿದ ಮೇಷ್ಟ್ರು ನೂಡಲ್ಸನ್ನು ಎರಡು ಸಲ ಹಾಕಿಸಿಕೊಂಡರು.

ಭಾನುವಾರ ಬೆಳಿಗ್ಗೆ ನೆನಿಂಗ್ ಹಿತ್ತಲಿಗೆ ಹೋದಾಗ ಗೂಡು ಖಾಲಿ. ಕೋಳಿಗಳೆಲ್ಲ ಅಮ್ಮನ ಮೆಣಸಿನ ಗಿಡದ ಮೇಲೆ. ಮೂಲೆಯಲ್ಲಿ ನಾಲ್ಕು ವರ್ಷದ ತಂಗಿ ಪಿಪಾಯ್, ಮುಷ್ಟಿಯ ತುಂಬ ಅಕ್ಕಿ.

"ನಾನಲ್ಲ!" ಎಂದಳು ಪಿಪಾಯ್. ಮುಷ್ಟಿ ಬೆನ್ನ ಹಿಂದೆ ಸರಿಯಿತು.

ನೆನಿಂಗ್ ತಂಗಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಬಾ," ಎಂದಳು. "ಚಿಲಕ ಯಾಕೆ ಸಡಿಲ ಆಗಿದೆ, ನೋಡೋಣ."